ಗುರಿ ಹಿಡಿಯಲು ಮೌಸ್ ಒಂದೇ ಅಲ್ಲ: ಟ್ರ್ಯಾಕ್‌ಬಾಲ್, ಗೈರೊ ಜೊತೆ ನನ್ನ ಅನುಭವ

ಶೂಟರ್ ಆಟದಲ್ಲಿ, ಅಂದರೆ ಗುಂಡು ಹಾರಿಸುವ ವಿಡಿಯೊ ಗೇಮ್‌ನಲ್ಲಿ, ಗುರಿ ಹಿಡಿಯುವುದು ಅಂದರೆ ಎರಡು ಬೇರೆ ಬೇರೆ ಕೆಲಸ. ಹಿಂದಿನಿಂದ ಗುಂಡಿನ ಸದ್ದು ಬಂದರೆ ಥಟ್ಟನೆ ತಿರುಗಬೇಕು. ತಿರುಗಿದ ಮೇಲೆ ದೂರದ ಪುಟ್ಟ ತಲೆಯ ಮೇಲೆ ಕ್ರಾಸ್‌ಹೇರ್ (ತೆರೆಯ ನಡುವಿನ ಗುರಿಯ ಗುರುತು) ಕೂರಿಸಬೇಕು. ಮೊದಲನೆಯದಕ್ಕೆ ವೇಗ ಬೇಕು, ಎರಡನೆಯದಕ್ಕೆ ನಾಜೂಕು ಬೇಕು. ಮೌಸ್‌ನಲ್ಲಿ ಈ ಎರಡೂ ಭಾರ ಒಂದೇ ಕೈ ಮೇಲೆ ಬೀಳುತ್ತದೆ. ಹಗಲೆಲ್ಲಾ ಆಫೀಸಿನಲ್ಲಿ ಮೌಸ್, ರಾತ್ರಿ ಆಟಕ್ಕೂ ಅದೇ. ಬಲ ಮಣಿಕಟ್ಟು ನೋಯಲು ಶುರುವಾದಾಗ, ಈ ಕೆಲಸವನ್ನು ಬೇರೆ ಬೆರಳಿಗೋ ಕೈಗೋ ಹಂಚಲು ದಾರಿ ಹುಡುಕಿದೆ.

ಮೊದಲು ಸಿಕ್ಕಿದ್ದು ಹೆಬ್ಬೆರಳಿನಿಂದ ತಿರುಗಿಸುವ ಟ್ರ್ಯಾಕ್‌ಬಾಲ್. ಇದು ಇಟ್ಟಲ್ಲೇ ಇರುತ್ತದೆ, ಅದರ ಮೇಲಿನ ಚೆಂಡನ್ನು ಉರುಳಿಸಿದರೆ ಪಾಯಿಂಟರ್ ಸರಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಕಚೇರಿ ಕೆಲಸಕ್ಕೆ ಚೆನ್ನಾಗಿದೆ, ಆಟಕ್ಕೆ ನನಗೆ ಒಗ್ಗಲಿಲ್ಲ. ಹೆಬ್ಬೆರಳು ಹಿಡಿಯುವುದರಲ್ಲಿ ಗಟ್ಟಿ. ಓರೆಯಾಗಿ ನವಿರಾಗಿ ಸರಿಯುವುದು ಅದಕ್ಕೆ ಕಷ್ಟ.

ಬೆರಳುಗಳಿಂದ ಆಡಿಸುವ ದೊಡ್ಡ ಚೆಂಡಿನದು ಬೇರೆಯೇ ವಿಷಯ. ನನ್ನ ಹತ್ತಿರ ಇರುವುದು ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್ ಎಂಬ ಟ್ರ್ಯಾಕ್‌ಬಾಲ್, ಚೆಂಡು 55 ಮಿ.ಮೀ. ಒಮ್ಮೆ ತಳ್ಳಿ ಬಿಟ್ಟರೆ ಚೆಂಡು ತಾನೇ ಉರುಳುತ್ತದೆ, ಬೆರಳಿಟ್ಟರೆ ನಿಲ್ಲುತ್ತದೆ. ಹಿಂದಕ್ಕೆ ತಿರುಗಲು ಕೈ ಎತ್ತಬೇಕಿಲ್ಲ, ಮೌಸ್ ಪ್ಯಾಡ್‌ನ ಅಂಚು ಬಂದು ಜಾಗ ಮುಗಿದುಹೋಗುವ ಪ್ರಶ್ನೆಯೇ ಇಲ್ಲ. ಗುಂಡು ಹಾರಿಸುವ ಬಟನ್ ಹೆಬ್ಬೆರಳಿಗೆ, ಗುರಿ ಉಳಿದ ಬೆರಳುಗಳಿಗೆ. ಹಾಗಾಗಿ ಕ್ಲಿಕ್ ಮಾಡಿದಾಗ ಗುರಿ ಅಲುಗುವುದು ಕಡಿಮೆ. ಇದು ನನಗೆ ತುಂಬಾ ಹಿಡಿಸಿತು.

ಟ್ರ್ಯಾಕ್‌ಬಾಲ್‌ನಲ್ಲಿ ನಿಜವಾದ ತೊಂದರೆ ಅಂದರೆ ಚಲನೆ ಶುರುವಾಗುವ ಆ ಮೊದಲ ಕ್ಷಣ. ಚೆಂಡು ಮೂರು ಪುಟ್ಟ ಗುಂಡುಗಳ ಮೇಲೆ ಕೂತಿರುತ್ತದೆ. ಅಲ್ಲಿ ಧೂಳು ಸೇರಿದರೆ, ಪೌಡರ್ ಹಾಕದ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ತಡೆದು ತಡೆದು ಹೋಗುವ ಹಾಗೆ ಆಗುತ್ತದೆ. ಎರಡು ಪಿಕ್ಸೆಲ್ ಸರಿಸಲು ಹೋದರೆ ಮೊದಲು ಅಲುಗುವುದೇ ಇಲ್ಲ, ಆಮೇಲೆ ಹತ್ತು ಪಿಕ್ಸೆಲ್ ಜಿಗಿಯುತ್ತದೆ. ಪರಿಹಾರ ಸುಲಭ. ಚೆಂಡು ತೆಗೆದು, ಆ ಗುಂಡುಗಳನ್ನು ಒಣಬಟ್ಟೆಯಿಂದ ಒರೆಸಿ, ಚೆಂಡನ್ನು ಅಂಗೈಯಲ್ಲಿ ಸ್ವಲ್ಪ ಉರುಳಿಸಿ ಮತ್ತೆ ಕೂರಿಸಿ. ಚರ್ಮದ ಜಿಡ್ಡು ತಾಗಿದರೆ ನುಣ್ಣಗೆ ಜಾರುತ್ತದೆ. ಜೊತೆಗೆ ವಿಂಡೋಸ್‌ನಲ್ಲಿ ಕೈಯ ವೇಗಕ್ಕೆ ತಕ್ಕಂತೆ ಪಾಯಿಂಟರ್ ವೇಗ ಬದಲಿಸುವ ಪಾಯಿಂಟರ್ ಪ್ರಿಸಿಶನ್ ಆಯ್ಕೆಯನ್ನು ಆಫ್ ಮಾಡಿ, ಆಟದಲ್ಲಿ ಚಲನೆಯನ್ನು ಇದ್ದಂತೆಯೇ ಪಡೆಯುವ ರಾ ಇನ್‌ಪುಟ್ ಆನ್ ಇಡುತ್ತೇನೆ. ಬೆರಳನ್ನು ಒಂದು ಸಲ ಪೂರ್ತಿ ಎಳೆದರೆ ಆಟದಲ್ಲಿ ಅರ್ಧ ಸುತ್ತು ತಿರುಗಬೇಕು. ನನ್ನ ಸೆನ್ಸಿಟಿವಿಟಿಯ ಲೆಕ್ಕ ಅಷ್ಟೇ.

ಓಡುತ್ತಿರುವವನ ಮೇಲೆ ಗುರಿಯನ್ನು ಬಿಡದೆ ಹಿಡಿದಿರುವುದು ಟ್ರ್ಯಾಕ್‌ಬಾಲ್‌ನಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಕ್ವೇಕ್ ಎಂಬ ಶೂಟರ್ ಆಟದಲ್ಲಿ ಬಿಡದೆ ಮಿಂಚು ಹಾಯಿಸುವ ಲೈಟ್ನಿಂಗ್ ಗನ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಕೌಂಟರ್-ಸ್ಟ್ರೈಕ್‌ನಲ್ಲಿ ಮೂಲೆಯಿಂದ ಯಾರೋ ಇಣುಕಿದ ಕೂಡಲೇ ಒಂದೇ ಹೊಡೆತಕ್ಕೆ ತಲೆಗೆ ಗುರಿಯಿಡಬೇಕು. ಅಲ್ಲಿ ನನ್ನ ಮಟ್ಟಿಗೆ ಮೌಸೇ ಮೇಲು.

ಇಂಥ ಪ್ರಯೋಗ ಹೊಸದೇನಲ್ಲ. 1995ರ ಡಿಸೆಂಟ್ ಆಟದಲ್ಲಿ ಎಲ್ಲ ದಿಕ್ಕಿಗೂ ತೇಲಬೇಕಿತ್ತು. ಅಂಥ ಆಟಗಳಿಗೆಂದೇ ಬಂದದ್ದು ಸ್ಪೇಸ್‌ಆರ್ಬ್ 360. ಅದರ ಚೆಂಡು ಉರುಳುವುದಿಲ್ಲ, ಅದನ್ನು ಒತ್ತಿ, ಎಳೆದು, ತಿರುಚಿ ಆಡಬೇಕು. ಆಗಿನ್ನೂ ಮೌಸ್ ಗೆದ್ದಿರಲಿಲ್ಲ. 1996ರ ಕ್ವೇಕ್‌ನಲ್ಲಿ ಸದಾ ಮೌಸ್‌ನಿಂದ ಮೇಲೆ ಕೆಳಗೆ ನೋಡಬೇಕಾದರೆ ಆಟದೊಳಗಿನ ಕನ್ಸೋಲ್ ಎಂಬ ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಬೇಕಿತ್ತು. 1997ರಲ್ಲಿ ‘ಥ್ರೆಶ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಡೆನಿಸ್ ಫಾಂಗ್ ಕ್ವೇಕ್ ಪಂದ್ಯ ಗೆದ್ದು, ಆ ಆಟ ರೂಪಿಸಿದವರಲ್ಲಿ ಒಬ್ಬರಾದ ಜಾನ್ ಕಾರ್ಮಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದರು. ಅವರು ಆಡುತ್ತಿದ್ದದ್ದು ಮೌಸ್ ಮತ್ತು ಕೀಬೋರ್ಡಿನಲ್ಲಿ. ನಂತರ ಎಲ್ಲರೂ ಆ ದಾರಿ ಹಿಡಿದರು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಗೈರೊ. ಅಂದರೆ ಕಂಟ್ರೋಲರ್ ತಿರುಗಿದ್ದನ್ನು ಅರಿಯುವ, ಅದರೊಳಗಿನ ಸೆನ್ಸರ್ ಬಳಸಿ, ಕಂಟ್ರೋಲರನ್ನೇ ಕೈಯಲ್ಲಿ ಸ್ವಲ್ಪ ಓರೆ ಮಾಡಿ ಗುರಿ ಹಿಡಿಯುವುದು. ವಾಲ್ವ್ ಕಂಪನಿ 2015ರಲ್ಲಿ ಮಾರುಕಟ್ಟೆಗೆ ತಂದು 2019ರಲ್ಲಿ ನಿಲ್ಲಿಸಿದ ಸ್ಟೀಮ್ ಕಂಟ್ರೋಲರ್‌ನಲ್ಲಿ ಇದನ್ನು ಕಲಿತೆ. ಅದರ ಬಲಗಡೆ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ಬದಲು ದುಂಡಗಿನ ಟಚ್‌ಪ್ಯಾಡ್ ಇದೆ. ದೊಡ್ಡ ತಿರುವಿಗೆ ಪ್ಯಾಡ್, ನಾಜೂಕಿಗೆ ಗೈರೊ. ಮೊದಲು ಹೇಳಿದ ಎರಡು ಕೆಲಸಗಳು ಇಲ್ಲಿ ನಿಜಕ್ಕೂ ಬೇರೆಯಾದವು! ಹೆಬ್ಬೆರಳು ಪ್ಯಾಡ್ ಮೇಲಿದ್ದಾಗ ಮಾತ್ರ ಗೈರೊ ಕೆಲಸ ಮಾಡುವಂತೆ ಇಟ್ಟುಕೊಂಡೆ. ಬೆರಳು ಎತ್ತಿದರೆ ಕೈಯನ್ನು ಆರಾಮಾಗಿ ಮೊದಲಿನ ಜಾಗಕ್ಕೆ ತರಬಹುದು.

ಈಗ ಆಡುವುದು ಪ್ಲೇಸ್ಟೇಷನ್ 5ರ ಕಂಟ್ರೋಲರ್ ಆದ ಡ್ಯುಯಲ್‌ಸೆನ್ಸ್‌ನಲ್ಲಿ, ಜೊತೆಗೆ ಜಿಬ್ ಸ್ಮಾರ್ಟ್ ಎಂಬವರು ರೂಪಿಸಿದ ಫ್ಲಿಕ್ ಸ್ಟಿಕ್ ವಿಧಾನ. ಬಲ ಸ್ಟಿಕ್ಕನ್ನು ಎಡಕ್ಕೆ ತಳ್ಳಿದರೆ ಆಟದಲ್ಲಿ ತಕ್ಷಣ ಎಡಕ್ಕೆ ತಿರುಗುತ್ತೇವೆ, ಹಿಂದಕ್ಕೆ ಎಳೆದರೆ ಹಿಂದಕ್ಕೆ. ತಳ್ಳಿ ಹಿಡಿದು ಅಂಚಿನಲ್ಲೇ ಸುತ್ತಿಸಿದರೆ ಅಷ್ಟೇ ಕೋನ ನೋಟವೂ ಸುತ್ತುತ್ತದೆ. ಮೇಲೆ ಕೆಳಗೆ ನೋಡುವುದು ಪೂರ್ತಿ ಗೈರೊ ಪಾಲು. ಜಾಯ್‌ಶಾಕ್‌ಮ್ಯಾಪರ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಮೌಸ್ ಚಲನೆಯಾಗಿ ಆಟಕ್ಕೆ ಕಳಿಸುತ್ತದೆ. ಪ್ರತಿ ಆಟಕ್ಕೂ ಅಳತೆ ಹೊಂದಿಸಬೇಕು. ಗೋಡೆಯ ಮೂಲೆಗೆ ಗುರಿಯಿಟ್ಟು, ಸ್ಟಿಕ್ಕನ್ನು ಪೂರ್ತಿ ಒಂದು ಸುತ್ತು ಸುತ್ತಿಸಿ. ಅದೇ ಮೂಲೆಗೆ ಬಂದು ನಿಂತರೆ ಅಳತೆ ಸರಿಯಾಗಿದೆ.

ಒಂದು ತೊಡಕಿದೆ. ಕೆಲವು ಆಟಗಳಿಗೆ ಮೌಸ್ ಮತ್ತು ಕಂಟ್ರೋಲರ್ ಒಟ್ಟಿಗೆ ಬಂದರೆ ಆಗುವುದಿಲ್ಲ. ತೆರೆಯ ಮೇಲಿನ ಬಟನ್ ಚಿತ್ರಗಳು ಬದಲಾಗುತ್ತಲೇ ಇರುತ್ತವೆ, ಗುರಿ ತಡವರಿಸುತ್ತದೆ. ಅಂಥಲ್ಲಿ ಎಲ್ಲ ಬಟನ್‌ಗಳನ್ನೂ ಕೀಬೋರ್ಡ್ ಕೀಗಳಾಗಿ ಬದಲಿಸಿಬಿಡುತ್ತೇನೆ. ಎಡ ಸ್ಟಿಕ್‌ನಲ್ಲಿ ಮೆಲ್ಲಗೆ ನಡೆಯುವ ಸುಖ ಹೋಗುತ್ತದೆ, ಗುರಿ ಮಾತ್ರ ನೆಟ್ಟಗಾಗುತ್ತದೆ.

ನಿಮ್ಮ ಹತ್ತಿರ ಪ್ಲೇಸ್ಟೇಷನ್ ಅಥವಾ ಸ್ವಿಚ್‌ನ ಪ್ರೊ ಕಂಟ್ರೋಲರ್ ಇದ್ದರೆ ಗೈರೊ ಈಗಾಗಲೇ ಅದರೊಳಗಿದೆ, ಹೊಸದೇನೂ ಕೊಳ್ಳಬೇಕಿಲ್ಲ. ವಾಲ್ವ್‌ನ ಸ್ಟೀಮ್ ತಂತ್ರಾಂಶದ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಅದನ್ನು ಮೌಸ್ ಆಗಿ ಆಯ್ದುಕೊಳ್ಳಿ. ಮೊದಲು ಕಂಟ್ರೋಲರನ್ನು ಮೇಜಿನ ಮೇಲೆ ಅಲುಗಿಸದೆ ಇಟ್ಟು ಕ್ಯಾಲಿಬ್ರೇಟ್ ಮಾಡಿ (ಅಲುಗದ ಸ್ಥಿತಿ ಯಾವುದೆಂದು ಗೈರೊಗೆ ತಿಳಿಸಿ), ಇಲ್ಲದಿದ್ದರೆ ಗುರಿ ಸುಮ್ನೆ ಒಂದು ಕಡೆ ಜಾರುತ್ತಿರುತ್ತದೆ. ಹಾಫ್-ಲೈಫ್ 2ರಂಥ ಒಬ್ಬರೇ ಆಡುವ ಆಟದಿಂದ ಶುರು ಮಾಡಿ. ಕೈ ನಡುಗುತ್ತಿದೆ ಅನ್ನಿಸಿದರೆ ಸೆನ್ಸಿಟಿವಿಟಿ ಇಳಿಸುವ ಮೊದಲು ಮೊಣಕೈಯನ್ನು ಕುರ್ಚಿಯ ಕೈ ಮೇಲೆ ಊರಿ ನೋಡಿ.