ರಿಂಗ್ ಖಾಲಿ, ಕ್ಯೂ ಮಾತ್ರ ಬಂದ್: ಲಿನಕ್ಸ್ ನೆಟ್‌ವರ್ಕ್ ಡ್ರೈವರ್ ರಿಪೇರಿ

ಕರ್ನಲ್ ಲಾಗ್‌ನಲ್ಲಿ ‘ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಎಂಬ ವಾಚ್‌ಡಾಗ್ (ಕ್ಯೂ ಬಹಳ ಹೊತ್ತು ನಿಂತೇ ಇದ್ದರೆ ಎಚ್ಚರಿಸುವ ಟೈಮರ್) ಸಾಲು ಕಂಡರೆ ಮೊದಲ ಅನುಮಾನ ನೆಟ್‌ವರ್ಕ್ ಕಾರ್ಡಿನ ಮೇಲೇ ಹೋಗುತ್ತದೆ. ಟೈಮ್‌ಔಟ್ ಹ್ಯಾಂಡ್ಲರ್‌ನಲ್ಲಿ ಟಿಎಕ್ಸ್ ರಿಂಗ್‌ನ (ಕಳಿಸಬೇಕಾದ ಪ್ಯಾಕೆಟ್‌ಗಳನ್ನು ಡ್ರೈವರ್ ಕಾರ್ಡಿಗೆ ಒಪ್ಪಿಸುವ ಸುತ್ತುಪಟ್ಟಿಯ) ಎರಡು ಇಂಡೆಕ್ಸ್ ಪ್ರಿಂಟ್ ಮಾಡಿಸಿದೆ: ನೆಕ್ಸ್ಟ್-ಟು-ಯೂಸ್ (ಮುಂದೆ ತುಂಬುವ ಜಾಗ) 41, ನೆಕ್ಸ್ಟ್-ಟು-ಕ್ಲೀನ್ (ಮುಂದೆ ಬಿಡಿಸುವ ಜಾಗ) ಕೂಡ 41. ಅಂದರೆ ರಿಂಗ್ ಪೂರ್ತಿ ಖಾಲಿ. ಕೊಟ್ಟಿದ್ದನ್ನೆಲ್ಲ ಕಳಿಸಿ ಕಾರ್ಡ್ ಸುಮ್ಮನೆ ಕೂತಿದೆ. ಆದರೆ ರಿಂಗ್ ತುಂಬಿತೆಂದು ನಿಲ್ಲಿಸಿದ ಕ್ಯೂವನ್ನು, ಅಂದರೆ ಕರ್ನಲ್ ಡ್ರೈವರಿಗೆ ಪ್ಯಾಕೆಟ್ ಕೊಡುವ ಸಾಲನ್ನು, ಯಾರೂ ಎಬ್ಬಿಸಿಲ್ಲ. ತಪ್ಪು ಡ್ರೈವರಿನದೇ.

ಡ್ರೈವರಿನ ಎಕ್ಸ್‌ಮಿಟ್ (ಕಳಿಸುವ) ಫಂಕ್ಷನ್ ರಿಂಗ್‌ಗೆ ಪ್ಯಾಕೆಟ್ ಹಾಕಿ, ಡೋರ್‌ಬೆಲ್ (ಹೊಸ ಕೆಲಸವಿದೆ ಎಂದು ಕಾರ್ಡಿಗೆ ತಿಳಿಸುವ ರಿಜಿಸ್ಟರ್) ಬರೆದು, ಆಮೇಲೆ ಉಳಿದ ಡಿಸ್ಕ್ರಿಪ್ಟರ್ (ರಿಂಗ್‌ನ ಖಾಲಿ ಮನೆ) ಎಣಿಸಿ 20ಕ್ಕಿಂತ ಕಡಿಮೆಯಿದ್ದರೆ ಕ್ಯೂ ನಿಲ್ಲಿಸುತ್ತಿತ್ತು. (ಒಂದು ಪ್ಯಾಕೆಟ್‌ಗೆ ಹೆಚ್ಚೆಂದರೆ ಬೇಕಾಗುವುದಿಷ್ಟು: ಹೆಡರ್ ಭಾಗಕ್ಕೆ 1, ಫ್ರಾಗ್‌ಗಳಿಗೆ ಅಂದರೆ ಡೇಟಾ ತುಂಡುಗಳಿಗೆ 17, ದೊಡ್ಡ ಪ್ಯಾಕೆಟ್ಟನ್ನು ಕಾರ್ಡೇ ತುಂಡು ಮಾಡುವ ಟಿಎಸ್‌ಒ ಕಾಂಟೆಕ್ಸ್ಟ್‌ಗೆ 1, ಹೆಚ್ಚುವರಿಯಾಗಿ ಕೈಯಲ್ಲೊಂದು.) ಎಣಿಸುವುದಕ್ಕೂ ನಿಲ್ಲಿಸುವುದಕ್ಕೂ ನಡುವಿನ ಸಂದಿನಲ್ಲಿ ಇನ್ನೊಂದು ಸಿಪಿಯುವಿನಲ್ಲಿ ನಾಪಿ ಪೋಲ್ (ಕಳಿಸಿ ಮುಗಿದ ಡಿಸ್ಕ್ರಿಪ್ಟರ್‌ಗಳನ್ನು ತೆರವು ಮಾಡಿ, ನಿಂತ ಕ್ಯೂ ಎಬ್ಬಿಸುವ ಕೆಲಸ) ಓಡಿ ಎಲ್ಲವನ್ನೂ ಬಿಡಿಸಿಬಿಡುತ್ತದೆ. ಆಗಿನ್ನೂ ಕ್ಯೂ ನಿಂತಿಲ್ಲ, ಹಾಗಾಗಿ ಎಬ್ಬಿಸುವ ಗೋಜಿಗೆ ಹೋಗುವುದಿಲ್ಲ. ಮರುಕ್ಷಣ ಇತ್ತ ಕ್ಯೂ ನಿಲ್ಲುತ್ತದೆ. ಇನ್ನು ನಾಪಿ ಮತ್ತೆ ಓಡಲು ಕಂಪ್ಲೀಷನ್ ಇಂಟರಪ್ಟ್ (ಕಳಿಸಿಯಾಯಿತು ಎಂಬ ಕಾರ್ಡಿನ ಸೂಚನೆ) ಬರಬೇಕೆಂದರೆ ರಿಂಗ್‌ನಲ್ಲಿ ಏನೂ ಉಳಿದಿಲ್ಲ.

ಕ್ಯೂ ನಿಲ್ಲಿಸಿದ ಮೇಲೆ ಎಸ್‌ಎಂಪಿ_ಎಂಬಿ ಬ್ಯಾರಿಯರ್ (ಮೊದಲಿನ ಬರೆಹ-ಓದು ಮುಗಿಯದೆ ಸಿಪಿಯು ಮುಂದಿನದಕ್ಕೆ ಹೋಗದಂತೆ ತಡೆಯುವ ಸೂಚನೆ) ಹಾಕಿ, ಜಾಗ ಎಷ್ಟಿದೆ ಎಂದು ಮತ್ತೆ ಎಣಿಸಿದೆ. ಇದ್ದರೆ ಅಲ್ಲೇ ಕ್ಯೂ ಸ್ಟಾರ್ಟ್. ಕ್ಲೀನ್ ಮಾಡುವ ಕಡೆಯೂ ಇಂಡೆಕ್ಸ್ ಬರೆದು, ಬ್ಯಾರಿಯರ್ ದಾಟಿ, ಆಮೇಲಷ್ಟೇ ಕ್ಯೂ ನಿಂತಿದೆಯೇ ಎಂದು ನೋಡಬೇಕು. ಒಂದೇ ಕಡೆ ಹಾಕಿದರೆ ಪ್ರಯೋಜನವಿಲ್ಲ. ಎಕ್ಸ್86 ಸಿಪಿಯುಗಳಲ್ಲಿ ಇದೆಲ್ಲ ಬೇಡ ಎನ್ನುವವರಿದ್ದಾರೆ. ಆದರೆ ಬರೆದದ್ದು ಸ್ಟೋರ್ ಬಫರ್‌ನಲ್ಲಿರುವಾಗಲೇ ಮುಂದಿನ ಓದು ನಡೆಯುವುದು ಅಲ್ಲೂ ಉಂಟು. ಎಬ್ಬಿಸುವ ಮಿತಿಯನ್ನು 40ಕ್ಕೆ ಇಟ್ಟೆ, ಇಲ್ಲದಿದ್ದರೆ ಪ್ರತಿ ಪ್ಯಾಕೆಟ್‌ಗೂ ನಿಲ್ಲಿಸು-ಎಬ್ಬಿಸು ಆಟ.

ಬಗ್ ಬೇಕೆಂದಾಗ ಬರಿಸಲು ಎಥ್‌ಟೂಲ್‌ನಲ್ಲಿ (ಕಾರ್ಡಿನ ಸೆಟ್ಟಿಂಗ್ ಬದಲಿಸುವ ಕಮಾಂಡ್) ಟಿಎಕ್ಸ್ ರಿಂಗ್ 64ಕ್ಕೆ ಇಳಿಸಿ, ಟಿಎಸ್‌ಒ ಆಫ್ ಮಾಡಿ, ಐಆರ್‌ಕ್ಯೂವನ್ನು (ಕಾರ್ಡಿನ ಇಂಟರಪ್ಟನ್ನು) ಬೇರೆ ಸಿಪಿಯುವಿಗೆ ಕಟ್ಟಿ, ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಅನ್ನು 8 ಸ್ಟ್ರೀಮ್‌ಗಳಲ್ಲಿ ಓಡಿಸಿದೆ. ಎಣಿಕೆಗೂ ನಿಲ್ಲಿಸುವುದಕ್ಕೂ ನಡುವೆ 2 ಮಿಲಿಸೆಕೆಂಡ್ ಡಿಲೇ ತುರುಕಬೇಕು. 1 ಗಿಗಾಬಿಟ್‌ನಲ್ಲಿ 1500 ಬೈಟ್ ಪ್ಯಾಕೆಟ್‌ಗೆ ಸುಮಾರು 12 ಮೈಕ್ರೊಸೆಕೆಂಡ್, ಇಡೀ ರಿಂಗ್ ಬರಿದಾಗಲು 1 ಮಿಲಿಸೆಕೆಂಡ್ ಕೂಡ ಬೇಡ. 50 ಮೈಕ್ರೊಸೆಕೆಂಡ್ ಡಿಲೇ ಕೊಟ್ಟರೆ ಏನೂ ಕಾಣುವುದಿಲ್ಲ. ಪ್ಯಾಚ್ ಹಾಕಿದ ಮೇಲೂ ಡಿಲೇ ಬಿಟ್ಟೇ ಪರೀಕ್ಷಿಸಿದೆ.

ಪಕ್ಕದಲ್ಲೇ ಇನ್ನೊಂದು ಬಗ್ ಇತ್ತು. ‘ಎಕ್ಸ್‌ಮಿಟ್-ಮೋರ್’ (ಹಿಂದೆಯೇ ಇನ್ನೂ ಪ್ಯಾಕೆಟ್ ಬರುತ್ತಿದೆ ಎಂಬ ಕರ್ನಲ್ ಸೂಚನೆ) ಇದ್ದಾಗ ಡೋರ್‌ಬೆಲ್ ಬಿಟ್ಟು, ಅದೇ ಪ್ಯಾಕೆಟ್‌ನಲ್ಲಿ ಕ್ಯೂ ನಿಂತರೆ ಕಾರ್ಡಿಗೆ ಸುದ್ದಿಯೇ ತಲುಪುವುದಿಲ್ಲ. ಇಲ್ಲಿ ಇಂಡೆಕ್ಸ್‌ಗಳು ಬೇರೆಬೇರೆ ಇರುತ್ತವೆ, ಅದೇ ಗುರುತು. ಡೋರ್‌ಬೆಲ್ಲನ್ನು ಜಾಗ ಎಣಿಸಿ ಕ್ಯೂ ನಿಲ್ಲಿಸುವ ಪರೀಕ್ಷೆಯ ಕೆಳಗೆ ಸರಿಸಿ, ಮೋರ್ ಇಲ್ಲದಿದ್ದರೆ ಅಥವಾ ಕ್ಯೂ ನಿಂತಿದ್ದರೆ ಬರೆಯುವಂತೆ ಮಾಡಿದೆ. ಇದನ್ನೇ ಮೊದಲು ಮಾಡಿದರೆ ಮೇಲಿನ ರೇಸ್ (ಎರಡು ಸಿಪಿಯುಗಳ ಹಿಂದುಮುಂದಿನ ಎಡವಟ್ಟು) ಮರೆಯಾಗಿ ಸರಿಹೋಯಿತು ಅನ್ನಿಸುತ್ತದೆ: ಕ್ಯೂ ನಿಂತ ಮೇಲೆ ಹೊರಡುವ ಪ್ಯಾಕೆಟ್‌ನ ಕಂಪ್ಲೀಷನ್ನೇ ಬಂದು ಎಬ್ಬಿಸುತ್ತದೆ. ಆದರೆ ಎಕ್ಸ್‌ಮಿಟ್‌ನ ಮೊದಲಲ್ಲೂ ಅದೇ ಪರೀಕ್ಷೆಯಿದೆ, ಅಲ್ಲಿ ಹಾಗೆ ಹೊರಡುವ ಪ್ಯಾಕೆಟ್ ಇಲ್ಲ.