ಪುಣೆಯ ಸುತ್ತ ಸೂರ್ಯಾಸ್ತ: ತಿಂಗಳು ನೋಡಿ ಗುಡ್ಡ ಆರಿಸುವ ಬಗೆ

ಪುಣೆ ಸಹ್ಯಾದ್ರಿಯ ಪೂರ್ವ ಮಗ್ಗುಲಿನ ಊರು. ಮಲ್ಪೆಯಲ್ಲೋ ಕಾರವಾರದಲ್ಲೋ ಸೂರ್ಯ ನೇರವಾಗಿ ನೀರಿಗೆ ಇಳಿಯುವುದನ್ನು ನೋಡಿ ಬೆಳೆದ ಕನ್ನಡಿಗರಿಗೆ ಇಲ್ಲಿನ ಸಂಜೆ ಮೊದಮೊದಲು ಅಪೂರ್ಣವೆನಿಸಬಹುದು, ಏಕೆಂದರೆ ಪಡುವಣಕ್ಕೆ ಎಲ್ಲಿ ತಿರುಗಿದರೂ ಬೆಟ್ಟದ ಸಾಲು ಎದ್ದು ನಿಂತಿರುತ್ತದೆ, ಸೂರ್ಯ ಅದರ ಮರೆಗೆ ಸರಿಯುತ್ತಾನೆ. ವಿಜಯಪುರ, ಕಲಬುರಗಿಗಳ ಬಯಲಿನಿಂದ ಬಂದು ನೆಲೆಸಿದವರಿಗೂ ಇದು ಹೊಸ ಬಗೆಯ ದಿಗಂತವೇ. ಆದರೆ ಆ ಸಾಲಿನಲ್ಲಿ ಕೋಟೆಗಳಿವೆ, ಕಣಿವೆಗಳಿವೆ, ಅಣೆಕಟ್ಟೆಗಳ ಹಿನ್ನೀರಿದೆ. ಯಾವ ತಿಂಗಳಲ್ಲಿ ಯಾವುದರ ಹಿಂದೆ ಬೆಳಕು ಇಳಿಯುತ್ತದೆಂದು ತಿಳಿದು ಹೊರಟವರಿಗೆ ಕಡಲತೀರದಲ್ಲಿ ಸಿಗದ ನೋಟ ಇಲ್ಲಿ ಸಿಗುತ್ತದೆ. ಹೆಸರಾಂತ ಜಾಗಕ್ಕೆ ಹೋಗಿಯೂ ನಿರಾಶರಾಗಿ ಮರಳುವವರು ಬಹುಪಾಲು ಈ ಲೆಕ್ಕವನ್ನು ಬಿಟ್ಟವರು.

ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ಪುಣೆಯ ಅಕ್ಷಾಂಶ ಸುಮಾರು 18.5 ಡಿಗ್ರಿ ಉತ್ತರವಾದ್ದರಿಂದ, ಜೂನ್ 21ರ ಹೊತ್ತಿಗೆ ಮುಳುಗುವ ಜಾಗ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 25 ಡಿಗ್ರಿ ಸರಿದಿರುತ್ತದೆ. ಡಿಸೆಂಬರ್ 22ರ ಹೊತ್ತಿಗೆ ಅಷ್ಟೇ ಪ್ರಮಾಣದಲ್ಲಿ ದಕ್ಷಿಣಕ್ಕೆ ವಾಲಿರುತ್ತದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಅಂದರೆ ವರ್ಷದೊಳಗೆ ಸೂರ್ಯಾಸ್ತದ ಜಾಗ ದಿಗಂತದ ಮೇಲೆ ಐದು ಮುಷ್ಟಿಯಷ್ಟು ಓಡಾಡುತ್ತದೆ. ಮೊಬೈಲಿನ ದಿಕ್ಸೂಚಿಯಲ್ಲಿ ಡಿಸೆಂಬರ್‌ಗೆ 245, ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ 270, ಜೂನ್‌ಗೆ 295 ಎಂಬ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಉಳಿದ ತಿಂಗಳುಗಳನ್ನು ಇವುಗಳ ನಡುವೆ ಅಂದಾಜು ಮಾಡಬಹುದು. ಹೋಗಬೇಕೆಂದಿರುವ ಗುಡ್ಡವನ್ನು ನಕ್ಷೆಯಲ್ಲಿ ತೆರೆದು, ಆ ದಿಕ್ಕಿಗೆ ಮರವೋ ಕಟ್ಟಡವೋ ಬೆಟ್ಟದ ಎತ್ತರದ ಏಣೋ ಅಡ್ಡ ಬರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ವೇಳೆಯ ವಿಷಯದಲ್ಲೂ ಎಚ್ಚರ ಬೇಕು. ಪುಣೆಯಲ್ಲಿ ನವೆಂಬರ್ ಕೊನೆಗೆ ಸಂಜೆ 6ಕ್ಕೆ ಸ್ವಲ್ಪ ಮೊದಲೇ ಸೂರ್ಯ ಮುಳುಗಿದರೆ, ಜುಲೈ ಮೊದಲ ವಾರದಲ್ಲಿ 7.15ರವರೆಗೂ ಇರುತ್ತಾನೆ. ಆದರೆ ಪಂಚಾಂಗವಾಗಲಿ ಮೊಬೈಲಾಗಲಿ ಹೇಳುವುದು ಸಮತಟ್ಟಾದ ದಿಗಂತದ ಲೆಕ್ಕ. ಎದುರಿನ ಬೆಟ್ಟಸಾಲು 2 ಡಿಗ್ರಿ ಎತ್ತರಕ್ಕಿದ್ದರೆ ಸೂರ್ಯ ಸುಮಾರು 8 ನಿಮಿಷ ಮೊದಲೇ ಮರೆಯಾಗುತ್ತಾನೆ. ಚಾಚಿದ ಕೈಯ ಒಂದು ಬೆರಳಿನ ಅಗಲ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಸೂರ್ಯನಿಗೂ ಬೆಟ್ಟದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆಂದು ಅಳೆದರೆ ಉಳಿದ ವೇಳೆ ತಿಳಿಯುತ್ತದೆ, ನಾಲ್ಕು ಬೆರಳಾದರೆ ಅರ್ಧ ಗಂಟೆಯೆನ್ನಬಹುದು. ಹೀಗೆ ಅಳೆಯುವಾಗ ಪ್ರಖರವಾದ ಸೂರ್ಯನನ್ನು ದಿಟ್ಟಿಸದೆ ಅವನನ್ನು ಅಂಗೈಯಿಂದ ಮರೆ ಮಾಡಿಕೊಳ್ಳಬೇಕು. ದುರ್ಬೀನಿನಿಂದ ಅಥವಾ ದೊಡ್ಡ ಲೆನ್ಸಿನ ಕ್ಯಾಮೆರಾದ ಕಿಂಡಿಯಿಂದ ಸೂರ್ಯನನ್ನು ನೋಡುವುದು, ಅವನು ಎಷ್ಟೇ ಕೆಂಪಾಗಿದ್ದರೂ, ಕಣ್ಣಿಗೆ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ತಿಳಿಹೇಳಬೇಕು.

ಋತುಗಳಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಅವಧಿಯೇ ನನ್ನ ಮಟ್ಟಿಗೆ ಶ್ರೇಷ್ಠ. ಮಳೆ ಗಾಳಿಯನ್ನು ತೊಳೆದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಎತ್ತರದಲ್ಲಿ ತೆಳುವಾದ ಮೋಡಗಳು ಉಳಿದಿರುತ್ತವೆ. ದಿಗಂತದಲ್ಲಿರುವ ಸೂರ್ಯನ ಬೆಳಕು ವಾಯುಮಂಡಲದಲ್ಲಿ ಬಹಳ ದೂರ ಹಾದು ಬರುವುದರಿಂದ ನೀಲಿಯ ಅಂಶ ದಾರಿಯಲ್ಲೇ ಚದುರಿ, ಕೆಂಪು ಮತ್ತು ಕಿತ್ತಳೆ ಬಣ್ಣಗಳು ಉಳಿಯುತ್ತವೆ. ಆ ಬಣ್ಣ ಕೂರಲು ಮೋಡದ ತೆರೆ ಬೇಕು. ಪಶ್ಚಿಮದ ಅಂಚು ತೆರವಾಗಿದ್ದು ತಲೆಯ ಮೇಲೆ ಗರಿಯಂಥ ಮೋಡಗಳಿರುವ ಮಧ್ಯಾಹ್ನ ಕಂಡರೆ ಬೇರೆ ಕೆಲಸ ಬದಿಗಿಟ್ಟು ಹೊರಡಬಹುದು. ಡಿಸೆಂಬರ್, ಜನವರಿಯಲ್ಲಿ ಆಕಾಶ ನಿರ್ಮಲವಾಗಿ ಕಂಡರೂ ತಂಪು ಗಾಳಿಯ ಕೆಳಪದರದಲ್ಲಿ ಧೂಳು, ಹೊಗೆ ನಿಂತುಬಿಡುವುದರಿಂದ ಸೂರ್ಯ ಏಣನ್ನು ಮುಟ್ಟುವ ಮೊದಲೇ ಮಂಕಾಗುವುದುಂಟು. ಆಗ ಆ ಪದರಕ್ಕಿಂತ ಮೇಲಿರುವ ಜಾಗಗಳಿಗೆ ಹೋಗಬೇಕು.

ಅಂಥ ಜಾಗಗಳಲ್ಲಿ ಮೊದಲನೆಯದು ಸಿಂಹಗಡ. ನಗರದಿಂದ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿರುವ ಈ ಕೋಟೆಗೆ ಘಾಟ್ ರಸ್ತೆಯಿಂದ ವಾಹನದಲ್ಲಿ ಏರಬಹುದು, ಬುಡದ ಊರಾದ ಆತಕರವಾಡಿಯಿಂದ ಕಾಲುದಾರಿಯಲ್ಲೂ ಹತ್ತಬಹುದು. ಹೆಚ್ಚಿನವರು ತಿಂಡಿ ಅಂಗಡಿಗಳ ಬಳಿಯೇ ನಿಂತುಬಿಡುತ್ತಾರೆ. ಸೂರ್ಯಾಸ್ತಕ್ಕೆ ಹೋದವರು ಪಶ್ಚಿಮದ ಕಡಿದಾದ ಅಂಚಿಗೆ, 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಹತ್ತಿ ಬಂದರೆಂದು ಹೇಳುವ ಬಂಡೆಯ ಕಡೆಗೆ, ನಡೆಯಬೇಕು. ಅಲ್ಲಿಂದ ನೈರುತ್ಯಕ್ಕೆ ರಾಜಗಡ, ಅದರ ಬಲಕ್ಕೆ ತೋರಣಾ ಕೋಟೆ ಕಾಣುತ್ತವೆ. ಡಿಸೆಂಬರ್ ಮೂರನೆಯ ವಾರದಲ್ಲಿ ಸೂರ್ಯ ತೋರಣಾದ ಬಲಕ್ಕೆ ಸುಮಾರು ಒಂದು ಮುಷ್ಟಿ ದೂರದಲ್ಲಿ ಇಳಿಯುವುದರಿಂದ ಎರಡೂ ಕೋಟೆಗಳ ಹೊರಗೆರೆ ಒಂದೇ ನೋಟದೊಳಗೆ ಬೆಳಕಿಗೆದುರಾಗಿ ಕಪ್ಪಗೆ ನಿಲ್ಲುತ್ತದೆ, ಹಿಂದಿನ ಸಾಲುಗಳು ಒಂದಕ್ಕಿಂತ ಒಂದು ತಿಳಿಯಾಗುತ್ತಾ ಹೋಗುತ್ತವೆ. ಪುಣೆಯ ಸುತ್ತ ಇದಕ್ಕಿಂತ ಒಳ್ಳೆಯ ಚಳಿಗಾಲದ ಸಂಜೆಯಿಲ್ಲವೆಂದು ನಾನು ನಂಬಿದ್ದೇನೆ. ಬಂಡೆಯ ಅಂಚಿನಿಂದ ಕೆಲವು ಮಾರು ಹಿಂದೆಯೇ ಕೂರಬೇಕು, ಒಣ ಹುಲ್ಲಿನ ಇಳಿಜಾರು ಜಾರುತ್ತದೆ. ವಾಹನದಲ್ಲಿ ಹೋಗುವವರು ಸಂಜೆ ಎಷ್ಟು ಹೊತ್ತಿನವರೆಗೆ ಮೇಲಕ್ಕೆ ಬಿಡುತ್ತಾರೆ, ಎಷ್ಟರೊಳಗೆ ಇಳಿಯಬೇಕು ಎಂಬುದನ್ನು ಅರಣ್ಯ ಇಲಾಖೆಯ ತಪಾಸಣಾ ನಾಕೆಯಲ್ಲಿ ಕೇಳಿಕೊಳ್ಳಬೇಕು. ಶನಿವಾರ, ಭಾನುವಾರ ಘಾಟಿನಲ್ಲಿ ವಾಹನಗಳ ಸಾಲೇ ಬೆಳಕಿನ ಹೊತ್ತನ್ನು ನುಂಗುತ್ತದೆ. ವಾರದ ದಿನ ಹೋಗಿ, ಬೇಗ ತಲುಪಿ, ಪಿಠಲೆ ಭಾಕರಿ, ಮಡಕೆ ಮೊಸರು ತಿಂದು ಅಂಚಿಗೆ ನಡೆದರೆ ಆತುರವಿರುವುದಿಲ್ಲ.

ಅದೇ ದಾರಿಯಲ್ಲಿ ಮೊದಲು ಸಿಗುವ ಖಡಕವಾಸ್ಲಾ ಕೆರೆ ಹತ್ತಲಾಗದ ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದೊಯ್ಯಲು ಯೋಗ್ಯ. ಮುಠಾ ನದಿಗೆ ಕಟ್ಟಿದ ಈ ಅಣೆಕಟ್ಟೆಯ ನೀರು ಮುಳಾ ನದಿಯನ್ನು ಕೂಡಿ, ಭೀಮೆಗೆ ಸೇರಿ ನಮ್ಮ ಕಲಬುರಗಿ ಸೀಮೆಯ ಕಡೆಗೆ ಹರಿಯುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು ಇಲ್ಲಿಯೇ. 1961ರ ಜುಲೈ 12ರಂದು ಮೇಲಿನ ಪಾನಶೆತ್ ಅಣೆಕಟ್ಟೆ ಒಡೆದಾಗ ಇದೂ ಒಡೆಯಿತು, ಆಮೇಲೆ ಮತ್ತೆ ಕಟ್ಟಲಾಯಿತು. ಪುಣೆಯಲ್ಲೇ ಎಂಜಿನಿಯರಿಂಗ್ ಓದಿದ ವಿಶ್ವೇಶ್ವರಯ್ಯನವರ ಹೆಸರನ್ನು ಈ ದಡದಲ್ಲಿ ನಿಂತು ಮಕ್ಕಳಿಗೆ ಹೇಳುವುದು ನನಗೆ ಹೆಮ್ಮೆಯ ಸಂಗತಿ. ಕೆರೆ ನೈರುತ್ಯದ ಕಡೆಗೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಕಿನ ಪಟ್ಟಿ ನೀರಿನ ಮೇಲೆ ಉದ್ದವಾಗಿ ಹಾಸುತ್ತದೆ. ಗಾಳಿ ನಿಂತ ಸಂಜೆಯಲ್ಲಿ ಅದು ದಡದವರೆಗೂ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ಸರಿದಾಗ ನೀರಿನ ನೋಟ ಅಷ್ಟು ತುಂಬಿರುವುದಿಲ್ಲ, ನೀರೂ ಇಳಿದಿರುತ್ತದೆ. ಉತ್ತರ ದಡದ ಆವರಣ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ್ದು. ಆ ಕಡೆಗೆ ನುಸುಳುವ, ಡ್ರೋನ್ ಹಾರಿಸುವ ಪ್ರಯತ್ನ ಸಲ್ಲದು. ನೀರಿಗಿಳಿಯುವುದೂ ಬೇಡ. ಮೆಕ್ಕೆಜೋಳದ ತೆನೆ, ಭಜಿ ಮಾರುವವರು ಸಾಲಾಗಿರುತ್ತಾರೆ. ತಿಂದ ದಿಂಡನ್ನೂ ಕಾಗದವನ್ನೂ ದಡದಲ್ಲಿ ಬಿಡದೆ ತರಬೇಕು.

ನಗರ ಬಿಟ್ಟು ಹೋಗಲು ಪುರಸೊತ್ತಿಲ್ಲದ ದಿನಗಳಿಗೆ ವೇತಾಳ ಟೇಕಡಿ ಇದೆ. ನಗರದೊಳಗಿನ ಗುಡ್ಡಗಳಲ್ಲಿ ಇದೇ ಎತ್ತರದ್ದು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಕೋಥರೂಡ್ ಕಡೆಯಿಂದ, ಪಾಷಾಣದ ಪಂಚವಟಿ ಕಡೆಯಿಂದ ದಾರಿಗಳಿವೆ. ಏಪ್ರಿಲ್ ಕೊನೆಯ ದಿನಗಳಲ್ಲಿ ಸೂರ್ಯ ಹೆಚ್ಚುಕಡಿಮೆ ಪಾಷಾಣ ಕೆರೆಯ ದಿಕ್ಕಿಗೇ ಇಳಿಯುವುದರಿಂದ ಬೇಸಿಗೆಗೆ ಇದೇ ನನ್ನ ಆಯ್ಕೆ. ನವಿಲುಗಳ ಕೂಗು ಕೇಳುತ್ತದೆ. ಈ ಗುಡ್ಡದ ಮೂಲಕ ರಸ್ತೆ, ಸುರಂಗ ತರುವ ಯೋಜನೆಗಳ ವಿರುದ್ಧ 2023ರಲ್ಲಿ ನಾಗರಿಕರು ಬೀದಿಗಿಳಿದಿದ್ದರು. ನಡೆದಾಡುವ ಜನ ಹೆಚ್ಚಿದಷ್ಟೂ ಇದನ್ನು ತಮ್ಮದೆಂದು ಕಾಯುವವರು ಹೆಚ್ಚುತ್ತಾರೆಂಬುದು ನನ್ನ ಭಾವನೆ. ಬೇಸಿಗೆಯ ಹುಲ್ಲು ಒಂದು ಕಿಡಿಗೆ ಹೊತ್ತಿಕೊಳ್ಳುವುದರಿಂದ ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಒಬ್ಬರೇ ಹೋಗದೆ ಜೊತೆಗಾರರೊಂದಿಗೆ ಹೋಗಿ, ದಾರಿ ಕಾಣುವಷ್ಟು ಬೆಳಕಿರುವಾಗಲೇ ಇಳಿಯಬೇಕು.

ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲು. ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ ದೇವಸ್ಥಾನದ ಎತ್ತರದಿಂದ ನೈರುತ್ಯಕ್ಕೆ ಸಿಂಹಗಡ, ಅದರ ನೆತ್ತಿಯ ದೂರದರ್ಶನ ಗೋಪುರದ ಸಮೇತ, ಗುರುತು ಸಿಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ಅದರ ಬಲಕ್ಕೆ ಮೂರು ಮುಷ್ಟಿ ದೂರದಲ್ಲಿ ಇಳಿಯುತ್ತಾನೆ. ಪರ್ವತಿಯ ವಿಶೇಷ ಪೂರ್ವದ ಕಡೆಗಿದೆ. ಸೂರ್ಯ ಮರೆಯಾದೊಡನೆ ಬೆನ್ನು ತಿರುಗಿಸಿ ನಿಂತರೆ, ಪೂರ್ವದ ಬಯಲಿನ ಮೇಲೆ ಬೂದುನೀಲಿ ಪಟ್ಟಿಯೊಂದು ಮೇಲೇರುವುದು ಕಾಣುತ್ತದೆ. ಅದು ಭೂಮಿಯ ನೆರಳು, ವಾಯುಮಂಡಲದ ಮೇಲೆ ಬಿದ್ದದ್ದು. ಅದರ ಮೇಲಂಚಿನ ತಿಳಿಗುಲಾಬಿ ಬಣ್ಣ ಕೆಲವೇ ನಿಮಿಷ ಉಳಿಯುತ್ತದೆ. ಪಶ್ಚಿಮದಲ್ಲೂ ಮೋಡಗಳ ಗಾಢ ಕೆಂಪು ಮೂಡುವುದು ಹಲವು ಬಾರಿ ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷವಾದ ಮೇಲೆಯೇ, ಆದ್ದರಿಂದ ಸೂರ್ಯ ಮರೆಯಾದ ಕೂಡಲೇ ಎದ್ದು ಹೊರಡುವವರು ಅರ್ಧವನ್ನಷ್ಟೇ ನೋಡಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಆಕಾಶದ ಬೆಳಗುವ ಭಾಗವನ್ನು ಬೆರಳಿನಿಂದ ಮುಟ್ಟಿ, ಬೆಳಕಿನ ಮಟ್ಟವನ್ನು ಕೆಳಗೆ ಎಳೆದರೆ ಬಣ್ಣ ಬಿಳಚಿಕೊಳ್ಳದೆ ನಿಲ್ಲುತ್ತದೆ.

ಸಾಸವಡ ದಾರಿಯ ದಿವೆ ಘಾಟಿನಿಂದ ವಾಯವ್ಯಕ್ಕೆ ನಗರವೂ ಕೆಳಗೆ ಮಸ್ತಾನಿ ಕೆರೆಯೂ ಕಾಣುವುದರಿಂದ ಅದು ಮೇ ತಿಂಗಳಿಗೆ ಒಪ್ಪುತ್ತದೆ, ಆದರೆ ಲಾರಿಗಳ ಓಡಾಟದ ರಸ್ತೆಯಂಚಿನಲ್ಲಿ ವಾಹನ ನಿಲ್ಲಿಸುವುದು ಅಪಾಯ. ಕೊನೆಯದಾಗಿ ಲೋಹಗಡ: ಪುಣೆ–ಲೋಣಾವಳಾ ಲೋಕಲ್ ರೈಲಿನಲ್ಲಿ ಮಳವಲಿ ನಿಲ್ದಾಣದಲ್ಲಿ ಇಳಿದು ಹೋಗಬಹುದಾದ ಈ ಕೋಟೆಯಿಂದ ಪವನಾ ಜಲಾಶಯವೂ ಆಚೆಯ ತುಂಗ, ತಿಕೋನಾ ಕೋಟೆಗಳೂ ಕಾಣುತ್ತವೆ. ಇಲ್ಲಿ ಸೂರ್ಯಾಸ್ತಕ್ಕೆ ನಿಲ್ಲಬೇಕೆಂದರೆ ಕೋಟೆಯಿಂದ ಹೊರಬರಬೇಕಾದ ವೇಳೆಯನ್ನೂ ಮರಳುವ ಲೋಕಲ್‌ನ ವೇಳೆಯನ್ನೂ ಮೊದಲೇ ವಿಚಾರಿಸಿ, ತಲೆಗೊಂದರಂತೆ ಟಾರ್ಚ್ ಹಿಡಿದು ಹೋಗಬೇಕು; ಇಲ್ಲವಾದರೆ ಬುಡದ ಊರಿನಲ್ಲಿ ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಹತ್ತುವುದು ಲೇಸು.