ಆರು ನಿಮಿಷ ಅಲುಗದ ಮುಳ್ಳು: ರಾಜ್‌ದೂತ್ 350ರ ಜೊತೆ ನನ್ನ ಅನುಭವ

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬಹುದು, ನನ್ನ ರಾಜ್‌ದೂತ್ 350ರ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡು ರಸ್ತೆಯ ಮೇಲೆ ಉಜ್ಜತೊಡಗಿತು. ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆಯೇ ಇದ್ದುದರಿಂದ ಅದನ್ನು ಒತ್ತಿ ಹಿಡಿದು, ಗಾಡಿ ನೇರವಾಗಿ ಉರುಳುವಂತೆ ನೋಡಿಕೊಂಡು, ಪಕ್ಕದ ಹುಣಸೆಮರದ ಕೆಳಗೆ ನಿಲ್ಲಿಸಿದೆ. ಅದು 2016ರ ಮಾತು. ಆ ಹೊತ್ತಿಗೆ ಗಾಡಿಗೆ ಹೊಸ ಬಣ್ಣ ಹೊಡೆದಾಗಿತ್ತು, ಕ್ರೋಮ್ ಮಿರಮಿರನೆ ಹೊಳೆಯುತ್ತಿತ್ತು, ಎಂಜಿನ್ ಪೂರ್ತಿಯಾಗಿ ರೆಡಿ ಮಾಡಿದ್ದೇವೆಂದು ಒಂದು ಗ್ಯಾರೇಜಿನವರು ಬಿಲ್ ಕೊಟ್ಟು ಇನ್ನೂ ನಾನೂರು ಕಿಲೋಮೀಟರ್ ಕೂಡ ಓಡಿರಲಿಲ್ಲ.

ಆ ಗಾಡಿ ನನ್ನ ಸೋದರಮಾವನದು. 1986ರಲ್ಲಿ ಹೊಸದಾಗಿ ಕೊಂಡ ಅವರು ಹದಿನೆಂಟು ವರ್ಷ ಓಡಿಸಿ, ಮಂಡಿನೋವು ಶುರುವಾದ ಮೇಲೆ ಬಸವನಗುಡಿಯ ಮನೆಯ ಮೆಟ್ಟಿಲಿನ ಕೆಳಗೆ ನಿಲ್ಲಿಸಿದ್ದರು. ಮಾವ ತೀರಿಕೊಂಡ ಮೇಲೆ ಅತ್ತೆ ಕೀ ನನ್ನ ಕೈಗೆ ಕೊಟ್ಟು, "ತಗೊಂಡು ಹೋಗು ಕಣೋ, ಆದರೆ ಮಾರೋದು ಗೀರೋದು ಮಾಡಬೇಡ" ಎಂದಷ್ಟೇ ಹೇಳಿದರು.

ಈ ಗಾಡಿಯ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಜಪಾನಿನ ಯಮಾಹಾ ಕಂಪನಿ 1970ರ ದಶಕದಲ್ಲಿ ಮಾಡುತ್ತಿದ್ದ ಆರ್‌ಡಿ 350 ಎಂಬ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿಯನ್ನು ನಮ್ಮ ದೇಶದಲ್ಲಿ ಎಸ್ಕಾರ್ಟ್ಸ್ ಸಂಸ್ಥೆ 1983ರಿಂದ ತಯಾರಿಸಿತು. 64 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 54 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಎರಡೂ ಸಿಲಿಂಡರ್ ಸೇರಿ 347 ಸಿಸಿ, ಆರು ಗೇರು. ಜಪಾನಿನ ಗಾಡಿಯ ಶಕ್ತಿ 39 ಅಶ್ವಶಕ್ತಿ; ಇಲ್ಲಿ ಮೊದಲು ಬಂದ, ಜನ ಎಚ್‌ಟಿ (ಹೈ ಟಾರ್ಕ್) ಎಂದು ಕರೆಯುವ ಮಾದರಿಯಲ್ಲಿ ಅದು 30.5ಕ್ಕೆ, ಅನಂತರದ ಎಲ್‌ಟಿ (ಲೋ ಟಾರ್ಕ್) ಮಾದರಿಯಲ್ಲಿ 27ಕ್ಕೆ ಇಳಿಯಿತು. ಮುಂದಿನ ಚಕ್ರದ ಡಿಸ್ಕ್ ಬ್ರೇಕಿನ ಜಾಗಕ್ಕೆ ಡ್ರಮ್ ಬಂತು. ನನ್ನದು ಎಲ್‌ಟಿ. ಇಷ್ಟು ಇಳಿಸಿದ ಮೇಲೂ, ಸಣ್ಣ ಎಂಜಿನ್ನಿನ ಗಾಡಿಗಳೇ ಹೆಚ್ಚಾಗಿದ್ದ ಅಂದಿನ ರಸ್ತೆಯಲ್ಲಿ ಇದರ ಓಟ ಬೇರೆಯೇ ಆಗಿತ್ತು.

ಸೀಜ್ ಆದ, ಎಂದರೆ ಪಿಸ್ಟನ್ ಕಚ್ಚಿಕೊಂಡು ನಿಂತ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ ಮೇಲೆ ನನಗೆ ದಾರಿ ತೋರಿಸಿದವರು ಜಾಲಹಳ್ಳಿಯ ಒಬ್ಬ ಹಿರಿಯರು. ಎಚ್‌ಎಂಟಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಅವರು ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡಿದ್ದರು. ನಾನು ಹೋದ ಕೂಡಲೇ ಸ್ಪ್ಯಾನರ್ ತೆಗೆದದ್ದನ್ನು ನೋಡಿ, "ಎಂಜಿನ್ ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರಪ್ಪ. ಅಳತೆ ತಗೊಳ್ಳದೆ ಬಿಚ್ಚಿದ್ರೆ ಸುಳಿವು ನೀನೇ ಅಳಿಸಿಹಾಕಿದ ಹಾಗಾಗುತ್ತೆ" ಎಂದು ತಡೆದರು. ಮೊದಲು ಎರಡು ಪ್ಲಗ್ಗುಗಳನ್ನು ಮಾತ್ರ ತೆಗೆಸಿ ಬಿಳಿಯ ಕಾಗದದ ಮೇಲೆ ಪಕ್ಕಪಕ್ಕ ಇಡಿಸಿದರು. ಬಲಗಡೆಯ ಪ್ಲಗ್ಗಿನ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕಿತ್ತು. ಎಡಗಡೆಯದು ಸುಣ್ಣದಂತೆ ಬೆಳ್ಳಗಾಗಿ, ತುದಿಯಲ್ಲಿ ಅಲ್ಯೂಮಿನಿಯಮ್ಮಿನ ಸಾಸಿವೆಯಷ್ಟು ಸಣ್ಣ ಕಣಗಳು ಅಂಟಿಕೊಂಡಿದ್ದವು. ಒಂದೇ ಟ್ಯಾಂಕಿನ ಪೆಟ್ರೋಲು, ಒಂದೇ ಪಂಪಿನ ಆಯಿಲು, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳೂ ಒಂದೇ ಅಳತೆಯವಾಗಿದ್ದೂ ಒಂದು ಕಡೆ ಮಾತ್ರ ಅತಿಯಾಗಿ ಕಾದಿದೆಯೆಂದರೆ, ಆ ಕಡೆಗೆ ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಎಂಬುದು ಅವರ ತರ್ಕ.

ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್, ಎಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ಎಂಬ ದಂಡ ತಿರುಗುವ ಕೋಣೆ, ಬರೀ ಆಯಿಲ್ ತುಂಬುವ ಡಬ್ಬಿಯಲ್ಲ, ಅದೇ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಒಳಗೆ ಉಂಟಾಗುವ ನಿರ್ವಾತ ಗಾಳಿ, ಪೆಟ್ರೋಲು, ಆಯಿಲುಗಳ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಈ ಪಂಪಿನಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ, ಪೆಟ್ರೋಲಿನ ಜೊತೆಗೆ ಸಿಗಬೇಕಾದ ತಂಪೂ ಕಡಿಮೆಯಾಗುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚುತ್ತದೆ. ಗಾಡಿ ಸೀಜ್ ಆಗುವ ಮೊದಲಿನ ಎರಡು ವಾರ ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ನಿನ ವೇಗ ತಕ್ಷಣ ಇಳಿಯದೆ ಒಂದೆರಡು ಕ್ಷಣ ಮೇಲೆಯೇ ತೂಗಾಡುತ್ತಿತ್ತು. ಕೇಬಲ್ ಬಿಗಿಯಾಗಿದೆಯೆಂದು ನಾನು ಅದಕ್ಕೆ ಎಣ್ಣೆ ಬಿಟ್ಟು ಸುಮ್ಮನಿದ್ದೆ. ಅದು ಗಾಳಿ ಸೋರಿಕೆಯ ಲಕ್ಷಣವೂ ಆಗಿರಬಹುದೆಂದು ಅಂದು ತಿಳಿದಿದ್ದರೆ ಒಂದು ಪಿಸ್ಟನ್ ಉಳಿಯುತ್ತಿತ್ತು.

ಸೋರಿಕೆಯನ್ನು ಹುಡುಕಿದ ಬಗೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಬೇರೊಂದು ಕಂಡಿಲ್ಲ. ಹಿರಿಯರು ಒಳಗೆ ಹೋಗಿ ತಮ್ಮ ಬಿ.ಪಿ. ನೋಡಿಕೊಳ್ಳುವ, ಗುಂಡು ಡಯಲ್ ಇರುವ ಯಂತ್ರವನ್ನು ತಂದರು. ತೋಳಿಗೆ ಸುತ್ತುವ ಪಟ್ಟಿಯನ್ನು ಕಳಚಿ, ಕೊಳವೆಗೆ T ಆಕಾರದ ಒಂದು ಕವಲು ಜೋಡಿಸಿ, ಎರಡೂ ಕಾರ್ಬೊರೇಟರ್ ಬಿಚ್ಚಿದ ಜಾಗದ ರಬ್ಬರ್ ಬಾಯಿಗಳಿಗೆ ಬಿರಡೆಗಳ ಮೂಲಕ ಸೇರಿಸಿದೆವು. ಸೈಲೆನ್ಸರುಗಳನ್ನು ಬಿಚ್ಚಿ, ಆ ಎರಡು ಬಾಯಿಗಳಿಗೆ ಹಳೆಯ ಟ್ಯೂಬಿನ ತುಂಡು ಮತ್ತು ತಗಡನ್ನು ಇಟ್ಟು ಬೋಲ್ಟ್ ಬಿಗಿದೆವು. ಎರಡನ್ನೂ ಒಟ್ಟಿಗೆ ಪರೀಕ್ಷಿಸುವುದಕ್ಕೆ ಕಾರಣವಿದೆ: ಕ್ರ್ಯಾಂಕಿನ ನಡುವೆ ಎರಡು ಕೋಣೆಗಳನ್ನು ಬೇರ್ಪಡಿಸುವ ಸೀಲು ಈ ಎಂಜಿನ್ನಿನಲ್ಲಿ ರಬ್ಬರಿನದಲ್ಲ, ಗೀರುಗಳಿರುವ ಲೋಹದ್ದು; ನಿಂತ ಗಾಳಿಯನ್ನು ಅದು ತಡೆಯುವುದಿಲ್ಲ. ಪ್ಲಗ್ಗುಗಳನ್ನು ಮತ್ತೆ ಹಾಕಿ, ಬಲೂನನ್ನು ನಿಧಾನವಾಗಿ ಒತ್ತಿ, ಮುಳ್ಳು 260ಕ್ಕೆ ಬಂದಾಗ ನಿಲ್ಲಿಸಿದೆವು. ಅದು ಸುಮಾರು 5 ಪಿಎಸ್‌ಐ. ಅದಕ್ಕಿಂತ ಹೆಚ್ಚು ಒತ್ತಿದರೆ ಸರಿಯಾಗಿರುವ ಸೀಲೂ ಮಗುಚಿಕೊಳ್ಳಬಹುದು. ಆರು ನಿಮಿಷ ಮುಳ್ಳು ಅಲುಗಬಾರದೆಂಬುದು ಅವರ ಲೆಕ್ಕ. ನನ್ನ ಎಂಜಿನ್ನಿನಲ್ಲಿ ಅದು ಅರ್ಧ ನಿಮಿಷದಲ್ಲಿ ಸೊನ್ನೆಗೆ ಬಿತ್ತು. ಸೋಪಿನ ನೀರನ್ನು ಬ್ರಷ್ಷಿನಲ್ಲಿ ಎಲ್ಲ ಜಾಯಿಂಟುಗಳಿಗೂ ಹಚ್ಚಿದೆವು, ಎಲ್ಲಿಯೂ ಗುಳ್ಳೆ ಬರಲಿಲ್ಲ. ಕೊನೆಗೆ ಎಡಗಡೆಯಲ್ಲಿರುವ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನು ಬಿಚ್ಚಿ ಅದರ ಹಿಂದಿನ ಆಯಿಲ್ ಸೀಲಿಗೆ ಹಚ್ಚಿದಾಗ, ಉಕ್ಕುವ ಹಾಲಿನ ಹಾಗೆ ನೊರೆ ಎದ್ದಿತು. ಬಣ್ಣಕ್ಕೆ, ಕ್ರೋಮಿಗೆ ಸಾವಿರಾರು ರೂಪಾಯಿ ಸುರಿದ ಗಾಡಿಯಲ್ಲಿ, ಮೂವತ್ತು ವರ್ಷ ಹಳೆಯದಾಗಿ ಬಳೆಯಂತೆ ಗಟ್ಟಿಯಾಗಿದ್ದ ಆ ಒಂದು ಸೀಲನ್ನು ಯಾರೂ ಬದಲಾಯಿಸಿರಲಿಲ್ಲ.

ಬಲಗಡೆಯ ಸೀಲು ಹೋದರೆ ಲಕ್ಷಣ ಬೇರೆ. ಅಲ್ಲಿ ಕ್ಲಚ್ ಇರುವುದರಿಂದ ಎಂಜಿನ್ ಗಾಳಿಯ ಬದಲು ಗೇರ್ ಆಯಿಲನ್ನು ಎಳೆದುಕೊಳ್ಳುತ್ತದೆ. ದಟ್ಟವಾದ ಬಿಳಿ ಹೊಗೆ ಬರುತ್ತದೆ, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತದೆ. ಹಳೆಯ ಟೂ ಸ್ಟ್ರೋಕ್ ಎಂದರೆ ಹೊಗೆ ಬರುವುದೇ ಎಂದು ಅದನ್ನು ಉಪೇಕ್ಷಿಸುವವರು ಬಹಳ.

ಎಂಜಿನ್ ಕೇಸು ಅಡ್ಡಲಾಗಿ ಎರಡು ಹೋಳಾಗುವುದರಿಂದ ಕ್ರ್ಯಾಂಕನ್ನು ಎತ್ತುವುದು ಸುಲಭ. ಅದನ್ನು ಮತ್ತೆ ನೇರ ಮಾಡುವುದು ಸುಲಭವಲ್ಲ. ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಕನೆಕ್ಟಿಂಗ್ ರಾಡು, ಬೇರಿಂಗು ಹಾಕಿದ ಮೇಲೆ ಹಿರಿಯರು ಅದನ್ನು ಡಯಲ್ ಗೇಜಿನ ಕೆಳಗೆ ತಿರುಗಿಸುತ್ತಾ, ತಾಮ್ರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ, ಓಲಾಟವನ್ನು 0.03 ಮಿ.ಮೀ.ಗಿಂತ ಕೆಳಗೆ ತರಲು ಎರಡು ಪೂರ್ತಿ ಮಧ್ಯಾಹ್ನ ತೆಗೆದುಕೊಂಡರು. ಹೊರಗಿನ ಎರಡು ಸೀಲುಗಳ ಜಾಗಕ್ಕೆ ಪೆಟ್ರೋಲಿಗೂ ಕಾವಿಗೂ ಬೇಗ ಜಗ್ಗದ, ವಿಟಾನ್ ಎಂಬ ರಬ್ಬರಿನ ಸೀಲು ಹಾಕಿದೆ. ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಎಲ್ಲವನ್ನೂ ಸುತ್ತಿದ್ದೇನೆ. ಒಂದು ಮಾತು ಮಾತ್ರ ಹೇಳಬಲ್ಲೆ: ಕ್ಯಾಲಿಪರ್ ಜೇಬಿನಲ್ಲಿಲ್ಲದೆ ಹಳೆಯ ಗಾಡಿಯ ಪಿಸ್ಟನ್ನನ್ನಾಗಲಿ ರಿಂಗನ್ನಾಗಲಿ ಕೊಳ್ಳಬಾರದು, ಏಕೆಂದರೆ ಡಬ್ಬಿಯ ಮೇಲಿನ ಅಳತೆಗೂ ಒಳಗಿನ ವಸ್ತುವಿಗೂ ಎಷ್ಟೋ ಸಲ ಸಂಬಂಧವಿರುವುದಿಲ್ಲ.

ಸಿಲಿಂಡರ್ ಕೊರೆಸುವಾಗ (ಬೋರಿಂಗ್) ಪಿಸ್ಟನ್ನುಗಳನ್ನು ಮೊದಲೇ ಕೊಂಡು ಕೊರೆಯುವವರ ಕೈಯಲ್ಲಿ ಕೊಟ್ಟೆ. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯಬೇಕೇ ಹೊರತು, ಸಿಲಿಂಡರ್ ಕೊರೆದು ಪಿಸ್ಟನ್ ಹುಡುಕಬಾರದು. ಅವೆರಡರ ನಡುವೆ ನಾನು ಇರಿಸಿಕೊಂಡ ಸಂದು 0.05 ಮಿ.ಮೀ. ಕೊರೆದ ಮೇಲೆ ಪೋರ್ಟುಗಳ, ಎಂದರೆ ಸಿಲಿಂಡರಿನ ಗೋಡೆಯಲ್ಲಿರುವ ತೂತುಗಳ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೊಂಡು ಮಾಡದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ಈ ಕೆಲಸವನ್ನು ನಾನೇ ಕುಳಿತು ಮಾಡಿದೆ, ಬೆರಳು ಆಡಿಸಿದರೆ ಎಲ್ಲಿಯೂ ಗೀರು ತಾಗದಂತಾಗುವವರೆಗೆ.

ಕಾರ್ಬೊರೇಟರುಗಳ ವಿಷಯದಲ್ಲಿ ಬೆಂಗಳೂರಿನದೇ ಆದ ಒಂದು ಲೆಕ್ಕವಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 8ರಷ್ಟು ಕಡಿಮೆ, ಹಾಗಾಗಿ ಅಲ್ಲಿಗೆ ಸರಿಹೊಂದಿಸಿದ ಜೆಟ್ಟಿನಲ್ಲಿ ಇಲ್ಲಿ ಪೆಟ್ರೋಲು ತುಸು ಹೆಚ್ಚಾಗುತ್ತದೆ, ಇಲ್ಲಿ ಹೊಂದಿಸಿದ ಗಾಡಿಯನ್ನು ಮಂಗಳೂರಿಗೆ ಓಡಿಸಿಕೊಂಡು ಹೋದರೆ ಕಡಿಮೆಯಾಗುತ್ತದೆ. ಇದರ ಮೇಲೆ ಈಗ ಎಥೆನಾಲ್ ಬಂದಿದೆ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿಯೇ. ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥೆನಾಲಿಗೆ 9 ಪಾಲು ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಆದ್ದರಿಂದ ನಾನು ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಪ್ಲಗ್ಗಿನ ಬಣ್ಣ ನೋಡಿ ಖಚಿತಪಡಿಸಿಕೊಂಡೆ. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಎರಡು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬೊರೇಟರಿನ ಬಟ್ಟಲುಗಳನ್ನು ಖಾಲಿ ಮಾಡುತ್ತೇನೆ. ಎರಡೂ ಕಾರ್ಬೊರೇಟರಿನಲ್ಲಿ ಗಾಳಿಯ ದಾರಿ ತೆರೆಯುವ ಸ್ಲೈಡುಗಳು ಒಟ್ಟಿಗೆ ಏಳುತ್ತಿವೆಯೇ ಎಂದು ನೋಡಲು ಒಂದೇ ದಪ್ಪದ ಎರಡು ಡ್ರಿಲ್ ಬಿಟ್ಟುಗಳನ್ನು ಅವುಗಳ ಕೆಳಗೆ ಸಿಕ್ಕಿಸಿ, ಆಕ್ಸಿಲರೇಟರ್ ಮೆಲ್ಲಗೆ ತಿರುವಿದಾಗ ಎರಡೂ ಒಂದೇ ಕ್ಷಣಕ್ಕೆ ಕೆಳಗೆ ಬೀಳುವವರೆಗೆ ಕೇಬಲ್ ಸರಿಪಡಿಸುತ್ತೇನೆ.

ಆಯಿಲ್ ಪಂಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಎಂಜಿನ್ನಿಗೆ ಆಯಿಲ್ ತಲುಪುವುದಿಲ್ಲವೆಂಬ ಭಯಕ್ಕೆ, ಗಾಳಿ ತೆಗೆದ ಮೇಲೂ ಮೊದಲ ಎರಡು ಟ್ಯಾಂಕ್ ಪೆಟ್ರೋಲಿಗೆ ಐವತ್ತಕ್ಕೆ ಒಂದರಂತೆ ಆಯಿಲನ್ನು ಕೈಯಿಂದಲೇ ಬೆರೆಸಿ ಓಡಿಸಿದೆ. ಪ್ಲಗ್ಗಿನಲ್ಲಿ ಕಿಡಿ ಹಾರುವ ಕ್ಷಣವನ್ನು ನಿರ್ಧರಿಸುವ ಪಾಯಿಂಟುಗಳು ಎರಡು ಜೊತೆ. ಪ್ಲಗ್ಗಿನ ತೂತಿನಲ್ಲಿ ಡಯಲ್ ಗೇಜು ಇಳಿಸಿ ಒಂದೊಂದು ಸಿಲಿಂಡರಿಗೂ ಬೇರೆಬೇರೆಯಾಗಿ ಟೈಮಿಂಗ್ ಹಿಡಿಯಬೇಕು.

ಮುಂದಿನ ಬ್ರೇಕಿನ ಬಗ್ಗೆ ಬಹಳ ಜನ ನನ್ನೊಡನೆ ವಾದಿಸಿದ್ದಾರೆ, ಡಿಸ್ಕ್ ಹಾಕಿಸು ಎಂದು. ಮಾವ ಓಡಿಸಿದ ರೂಪದಲ್ಲೇ ಗಾಡಿ ಇರಬೇಕೆಂದು ನಾನು ಡ್ರಮ್ಮನ್ನು ಉಳಿಸಿಕೊಂಡೆ. ಅದರಲ್ಲಿ ಡ್ರಮ್ಮಿನ ಒಳಗೋಡೆಗೆ ಒತ್ತಿಕೊಳ್ಳುವ ಎರಡು ಶೂಗಳಿಗೂ, ಅವನ್ನು ಅಗಲಿಸುವ ಪ್ರತ್ಯೇಕ ಕ್ಯಾಮ್ ಇದ್ದು, ಹೊರಗಿನ ಒಂದು ಸಣ್ಣ ಸರಳು ಅವನ್ನು ಜೋಡಿಸುತ್ತದೆ. ಆ ಸರಳಿನ ಉದ್ದ ತಪ್ಪಿದ್ದರೆ ಒಂದು ಶೂ ಮಾತ್ರ ದುಡಿಯುತ್ತದೆ. ಹೊಸ ಲೈನಿಂಗ್ ಅಂಟಿಸಿದ ಮೇಲೆ ಶೂಗಳನ್ನು ಲೇತಿನಲ್ಲಿ ಡ್ರಮ್ಮಿನ ಸುತ್ತಿಗೆ ಸರಿಯಾಗಿ ಕೊರೆಸಿ, ಸೀಮೆಸುಣ್ಣ ಬಳಿದು, ಎರಡೂ ಶೂಗಳ ಉದ್ದಕ್ಕೂ ಸುಣ್ಣ ಸಮನಾಗಿ ಅಳಿಸುವುದನ್ನು ನೋಡಿದ ಮೇಲೆಯೇ ರಸ್ತೆಗೆ ತಂದೆ. ಹಿಂದಿಗಿಂತ ಬಹಳ ಚೆನ್ನಾಗಿ ನಿಲ್ಲುತ್ತದೆ. ಆದರೂ ಇಂದಿನ ಗಾಡಿಗಳಿಗಿಂತ ದುಪ್ಪಟ್ಟು ಅಂತರ ಬಿಟ್ಟೇ ಓಡಿಸುತ್ತೇನೆ.

ಕಾಗದಪತ್ರದ ಕೆಲಸ ಹೆಚ್ಚೇನಿರಲಿಲ್ಲ. ಆರ್‌ಸಿಯನ್ನು ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ನನ್ನದು ಇನ್ನೂ ಸಾಮಾನ್ಯ ಗಾಡಿಯೇ.

ಓಡಿಸುವುದು ಹೆಚ್ಚಾಗಿ ಭಾನುವಾರದ ಬೆಳಗ್ಗೆ, ಊರು ಏಳುವ ಮೊದಲು. ಸಿಲ್ಕ್ ಬೋರ್ಡಿನಂಥ ಕಡೆ ಅರ್ಧ ಗಂಟೆ ತೆವಳಿದರೆ ಪ್ಲಗ್ ಕಪ್ಪಾಗಿ ಮಿಸ್ಸಿಂಗ್ ಶುರುವಾಗುತ್ತದೆ. ಒಂದು ಜೊತೆ ಪ್ಲಗ್ ಯಾವಾಗಲೂ ಜೇಬಿನಲ್ಲಿರುತ್ತದೆ. ದೇವನಹಳ್ಳಿಯ ಕಡೆಗೆ ರಸ್ತೆ ತೆರೆದುಕೊಂಡಾಗ ಐದು ಸಾವಿರ ಆರ್‌ಪಿಎಂ ದಾಟುತ್ತಿದ್ದಂತೆ ಎಂಜಿನ್ನಿನ ದನಿಯೇ ಬದಲಾಗಿ ಗಾಡಿ ಮುಂದಕ್ಕೆ ಚಿಮ್ಮುತ್ತದೆ. ಆ ಒಂದು ಕ್ಷಣಕ್ಕಾಗಿ ಉಳಿದ ಎಲ್ಲ ಶ್ರಮವನ್ನೂ ನಾನು ಸಂತೋಷದಿಂದ ಪಡುತ್ತೇನೆ. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಇಳಿಯುವಾಗ ಬಹಳ ಎಚ್ಚರ ಬೇಕು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ, ಆಕ್ಸಿಲರೇಟರಿಗೆ ಕಟ್ಟಿದ ಪಂಪಿನಿಂದ ಬರುವ ಆಯಿಲ್ ಬಹಳ ಕಡಿಮೆ. ಹಾಗಾಗಿ ಪ್ರತಿ ತಿರುವಿನ ನಂತರ ಒಮ್ಮೆ ಕ್ಲಚ್ ಒತ್ತಿ ಆಕ್ಸಿಲರೇಟರನ್ನು ಸ್ವಲ್ಪ ತಿರುವುತ್ತೇನೆ. ಡ್ರಮ್ ಕಾದು ಹಿಡಿತ ಬಿಡುವ ಮೊದಲೇ, ಅರ್ಧ ದಾರಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇನೆ.

ಪ್ರತಿ ವರ್ಷ ಆಯುಧಪೂಜೆಗೆ ಎರಡು ದಿನ ಮೊದಲು ಕಾರ್ಬೊರೇಟರ್ ಬಿಚ್ಚಿ ಬಿ.ಪಿ. ಯಂತ್ರ ಜೋಡಿಸುತ್ತೇನೆ. ಆ ಯಂತ್ರವನ್ನು ಹಿರಿಯರು ನನಗೇ ಕೊಟ್ಟುಬಿಟ್ಟಿದ್ದಾರೆ, ಪಟ್ಟಿ ಇಲ್ಲದೆ. ಕಳೆದ ವರ್ಷ ಮುಳ್ಳು ಆರು ನಿಮಿಷದಲ್ಲಿ 260ರಿಂದ 240ಕ್ಕೆ ಇಳಿಯಿತು. ಸೋಪಿನ ನೀರು ಹಚ್ಚಿ ಟಾರ್ಚ್ ಹಿಡಿದು ನೋಡಿದರೆ ಸೀಲುಗಳೆರಡೂ ಸರಿಯಾಗಿದ್ದವು. ಬಲಗಡೆಯ ಕಾರ್ಬೊರೇಟರ್ ಕೂರುವ ರಬ್ಬರಿನ ಕೆಳಗಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಒಂದು ಗುಳ್ಳೆ ನಿಧಾನವಾಗಿ ಊದುತ್ತಿತ್ತು. ಪೂಜೆಯ ದಿನ ಅತ್ತೆಯ ಮನೆಯ ಮುಂದೆ ಗಾಡಿಯನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಅರಿಶಿನ ಕುಂಕುಮ ಇಟ್ಟ ಅತ್ತೆ, ಸ್ಟಾರ್ಟ್ ಮಾಡು ಎಂದರು. ಹೊಸ ರಬ್ಬರ್ ಬಂದ ಮೇಲೆ ಮಾಡುತ್ತೇನೆ ಅತ್ತೆ ಎಂದೆ.